ಕೌದಿಯ ಮೂಲಿ ಮುಚ್ಚದ ಮೂರು ದಿನ

ನಮ್ಮ ಅತ್ತಿ ಕೌದಿ ಹೊಲಿಯೋದನ್ನ ನೋಡಾಕ ಕುಂತ್ರ, ಒಲಿ ಮ್ಯಾಲಿನ ಸಾರು ಉಕ್ಕಿ ಹೋದ್ರೂ ನನಗ ಗೊತ್ತಾಗೂದಿಲ್ಲ. ಆಕಿಗೆ ಎಂಬತ್ತು ದಾಟ್ಯಾವ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತ್ಯಾಳ. ಆದ್ರ ಹಳೇ ಸೀರಿ ನಾಕು ಪದರು ಹಾಸಿ ಹೊಲಿಗಿ ಹಾಕಾಕ ಹತ್ತಿದ್ಲಂದ್ರ ಗೆರಿ ಒಂದು ಎಳಿನೂ ಆಕಡಿ ಈಕಡಿ ಆಗೂದಿಲ್ಲ. ನಾನು ಡಿಗ್ರಿ ಓದಿದಾಕಿ, ಅಳತಿಪಟ್ಟಿ ಹಿಡಕೊಂಡು ಹೊಲದ್ರೂ ನನ್ನ ಗೆರಿ ಹಾವು ಹರದಂಗ ಹೋಗತಾವ. ಅದನ್ನ ನೋಡಿ ಅತ್ತಿ, ನೀ ರೊಟ್ಟಿ ಬಡಿ, ಅದು ನಿನಗ ಬರತೈತಿ ಅಂತಾಳ. ಸಿಟ್ಟು ಬರತೈತಿ, ಆದ್ರ ಮಾತು ಖರೆ.

ಬಳ್ಳಾರಿ ಪ್ಯಾಟ್ಯಾಗ ಈಗ ಮಷಿನ್ ರಜಾಯಿ ಬೇಕಾದಷ್ಟು ಸಿಗತಾವ. ಆದ್ರ ಕುರುಗೋಡಿಗೆ ಕೊಟ್ಟ ನನ್ನ ಮಗಳಿಗೆ ಎರಡನೇ ಕೂಸು ಹುಟ್ಟಿದಾಗ, ಅಜ್ಜಿ ಹೊಲಿದ ಕೌದಿನೇ ಬೇಕಂತ ಆಕಿ ದಿನಾ ಫೋನ್ ಹಚ್ಚಿದ್ಲು. ಅತ್ತಿ ತನ್ನ ಪೆಟ್ಟಿಗಿ ತಗದು, ಇಳಕಲ್ ಸೀರಿ ಹರದು, ಶುರು ಮಾಡಿದ್ಲು. ಆಕಿ ಕೌದಿಗೆ ಒಂದು ಕಟ್ಟಳಿ ಐತಿ. ಕೊನೀಗೆ ಒಂದು ಮೂಲಿ ತೆರದಿಟ್ಟು, ಅದರಾಗ ಒಂದು ತುತ್ತು ರೊಟ್ಟಿ ಇಟ್ಟು, ಆಮ್ಯಾಲೆ ಮುಚ್ಚಬೇಕು. ಹಸದ ಕೌದಿ ಮೈ ಬೆಚ್ಚಗ ಮಾಡೂದಿಲ್ಲ ಅಂತಾಳ. ಆ ತುತ್ತು ಇಡೋಕಿಂತ ಮೊದಲು ಮನ್ಯಾಗಿನ ಬಾಯಿ ಎಲ್ಲಾ ಉಂಡಿರಬೇಕು. ಹೊಲಿದಾಕಿ ಮಾತ್ರ, ಒಂದೇ ಮೂಲಿ ಉಳದಾಗಿಂದ, ಕೌದಿ ಉಂಡ ಮ್ಯಾಲೇ ಉಣ್ಣಬೇಕು. ಹಿಂದಿನ ಕೌದಿಗೆಲ್ಲಾ ಇದು ಒಂದು ಮಧ್ಯಾಹ್ನದಾಗ ಮುಗದು ಹೋಗತಿತ್ತು, ನಾನೂ ತಲಿ ಕೆಡಿಸಿಕೊಂಡಿದ್ದಿಲ್ಲ.

ಈ ಸಲ ಒಂದೇ ಮೂಲಿ ಉಳದ ದಿನ ಸಿರುಗುಪ್ಪದಿಂದ ನಾಯಿ ಬಂತು. ಅಲ್ಲಿ ನನ್ನ ತಂಗಿ ಗಂಡ ಒಂದು ಅಕ್ಕಿ ಮಿಲ್ಲಿನ್ಯಾಗ ಕೆಲಸಕ್ಕ ಇದ್ದ. ಆ ಮಿಲ್ಲು ಮುಚ್ಚಿತು, ಕೆಲಸದ ಹೆಣ್ಣುಮಕ್ಕಳು ಕರೂರು ಕಡೆ ನಾಟಿ ಹಚ್ಚಾಕ ಹೋಗಿಬಿಟ್ರು. ಅಂಗಳದಾಗ ಬೆಳದ ಮುದಿ ಹೆಣ್ಣು ನಾಯಿ ಒಂದು ಖಾಲಿ ಗೇಟಿನ ಮುಂದ ಕುಂತುಬಿಟ್ಟಿತ್ತು. ನಮ್ಮ ಮನ್ಯಾಗ ಆಗಲೇ ಒಂದು ನಾಯಿ ಇತ್ತು, ಮೋಕ ರಸ್ತ್ಯಾಗ ಸಿಕ್ಕದ್ದು, ಬರೇ ಹೊಟ್ಟಿಬಾಕ. ಒಂದು ಇದ್ದಲ್ಲಿ ಇನ್ನೊಂದು ಅಂತ ನಮ್ಮನಿಯವರು ಹೋಗಿ ಗೂಡ್ಸ್ ಗಾಡ್ಯಾಗ ಹಾಕ್ಕೊಂಡು ಬಂದ್ರು. ಅತ್ತಿ ಕೌದಿಯಿಂದ ತಲಿ ಎತ್ತಿ, ಇದು ಮನಿಯೋ ದನದ ದೊಡ್ಡಿಯೋ ಅಂತ ಕೇಳಿದ್ಲು.

ನಮ್ಮಲ್ಲಿ ನಾಯಿಗೆ ಮೊದಲು ಹಾಕೋದು ರೂಢಿ. ಇಲ್ಲಾಂದ್ರ ಆ ಹೊಟ್ಟಿಬಾಕ ನಮ್ಮ ತುತ್ತು ಎಣಸ್ಕೋತ ಕುಂದರತೈತಿ. ಹಂಗಾಗಿ ಅಡಗಿ ಇಳಿಸಿದ ಕೂಡ್ಲೆ ಹೊಸದರ ಮುಂದ ಸ್ಟೀಲ್ ತಾಟು ಇಟ್ಟೆ. ಮೊಸರನ್ನ ಮೂಸಿ ನೋಡಿ ಹಿಂದ ಸರೀತು. ರೊಟ್ಟಿ ಬ್ಯಾಳಿ ಸಾರಿನಾಗ ನೆನಸಿ ಇಟ್ಟೆ, ಹಂಗೇ ಇತ್ತು. ಲಿಂಗ ಕಟ್ಟಿದ ಮನಿ ನಮ್ಮದು, ತತ್ತಿ ಹೊಸ್ತಿಲ ದಾಟಿದ್ದಿಲ್ಲ. ಮರುದಿನ ನಮ್ಮನಿಯವರು ಬೇಯಿಸಿದ ತತ್ತಿನೂ ಕಾಗದದಾಗ ಮುಚ್ಚಿಕೊಂಡು ತಂದ್ರು. ಅತ್ತಿ ಗ್ವಾಡಿ ಕಡೆ ಮಾರಿ ತಿರುವಿ ಕುಂತ್ಲು. ಸ್ವಲ್ಪ ಹೊತ್ತಾದ ಮ್ಯಾಲೆ, ತಿಂತೇನು ಅಂತ ಮೆಲ್ಲಕ ಕೇಳಿದ್ಲು. ತಿಂದಿದ್ದಿಲ್ಲ. ನೀರೊಂದೇ ಕುಡೀತಿತ್ತು.

ದನದ ಡಾಕ್ಟರು ಬಂದು, ಹೊಟ್ಟಿ ಒತ್ತಿ, ಬಾಯಿ ತಗದು ನೋಡಿ, ರೋಗ ಏನೂ ಕಾಣೂದಿಲ್ಲ ಅಂದ್ರು. ವಯಸ್ಸಾಗೈತಿ, ಮೈಯಾಗ ಎಲುಬು ಬಿಟ್ರ ಏನಿಲ್ಲ, ನಾಳಿ ಸಂಜಿತನಕ ಉಣ್ಣಲಿಲ್ಲಂದ್ರ ಆಸೆ ಇಟಗೋಬ್ಯಾಡ್ರಿ ಅಂತ ಹೇಳಿ, ಸಲೈನ್ ಹಾಕಿ ಹೋದ್ರು. ನನಗ ಅಳು ಬಂತು, ಅಳುವಿನ ಹಿಂದ ಸಿಟ್ಟು ಬಂತು. ಎಷ್ಟು ಮಂದಿಗೆ ಉಣಬಡಿಸಿದ ಕೈ ಇದು, ಒಂದು ಮುದಿ ನಾಯಿ ನನ್ನ ಅಡಗಿ ಒಲ್ಲೆ ಅಂತೈತಲ್ಲ ಅಂತ ಪಾತ್ರಿ ಕುಕ್ಕಿದೆ. ಇದರ ನಡುವ ಬುಟ್ಟ್ಯಾಗ ರೊಟ್ಟಿ ಉಳಿಯಾಕ ಹತ್ತಿದ್ವು. ತಲಿ ಕೆಟ್ಟು ಜಾಸ್ತಿ ಬಡದೀನಿ ಅಂತ ತಿಳಕೊಂಡು ಅವನ್ನೆಲ್ಲಾ ಹೊಟ್ಟಿಬಾಕನಿಗೆ ಹಾಕಿದೆ. ಕೌದಿ ಮೂಲಿನೂ ತೆರದೇ ಇತ್ತು. ಕಣ್ಣು ಮಂಜಾಗ್ಯಾವ, ನಾಳಿ ಮುಚ್ಚತೀನಿ ಅಂತ ಅತ್ತಿ ಅಂದ್ಲು, ನಾನೂ ಹೂಂ ಅಂದೆ.

ಮೂರನೇ ದಿನ ಮುಂಜಾನೆ ತಂಗಿಗೆ ಫೋನ್ ಮಾಡಿ, ನಿನ್ನ ನಾಯಿ ನನ್ನ ಜೀವ ತಿನ್ನಾಕ ಹತ್ತೈತಿ, ಅಲ್ಲಿ ಏನು ತಿಂತಿತ್ತು ಹೇಳು ಅಂತ ಜಬರಿಸಿದೆ. ಏನು ಕೊಟ್ರೂ ತಿಂತಿತ್ತು ಅಂದ್ಲು. ಆಮ್ಯಾಲೆ ತಡದು, ಯಾವಾಗ ತಿಂತಿತ್ತು ಅನ್ನೋದನ್ನ ನೆನಪು ಮಾಡಿಕೊಂಡು ಹೇಳಿದ್ಲು. ಮಿಲ್ಲಿನ ಹೆಣ್ಣುಮಕ್ಕಳು ಮಧ್ಯಾಹ್ನ ಸುತ್ತಗಟ್ಟಿ ಕುಂತು ಬುತ್ತಿ ಬಿಚ್ಚತಿದ್ರಂತ. ಈ ನಾಯಿ ದೂರ ಕುಂತು ನೋಡತಿತ್ತಂತ. ಕೊನೀ ಹೆಣ್ಣುಮಗಳು ಉಂಡು ಮುಗಿಸಿ, ಉಳದ ತುತ್ತು ಹಿಡದು ಕರದಾಗ ಮಾತ್ರ ಎದ್ದು ಬರತಿತ್ತಂತ. ಒಬ್ಬಾಕಿ ಉಣ್ಣೋದು ಬಾಕಿ ಇದ್ರೂ, ಮುಂದ ತಂದು ಹಾಕಿದ್ದನ್ನ ಮುಟ್ಟತಿದ್ದಿಲ್ಲಂತ. ಅಬ್ಬಬ್ಬಾ, ಈ ಬುದ್ಧಿ ಅದಕ್ಕ ಹೇಳಿಕೊಟ್ಟವರು ಯಾರು? ನಾನು ಎಲ್ಲಾರಿಗಿಂತ ಮೊದಲು ಅದಕ್ಕ ತಾಟು ಇಟ್ಟು, ಉಣ್ಣು ಉಣ್ಣು ಅಂತ ಗದರಿಸಿದ್ದೆ.

ಲಗೂ ಲಗೂ ರೊಟ್ಟಿ ಬಡದು, ಬದನಿಕಾಯಿ ಎಣ್ಣಿಗಾಯಿ ಮಾಡಿ, ನಡುಮನ್ಯಾಗ ಅದರ ಎದುರಿಗೇ ನಾನೂ ನಮ್ಮನಿಯವರೂ ಕುಂತು ಉಂಡ್ವಿ. ನಾಯಿ ಕಿವಿ ನಿಮಿರಿಸಿ ಒಂದೊಂದು ತುತ್ತೂ ನೋಡಿತು. ನಾನು ಕೈ ತೊಳಕೊಂಡು, ಉಳದ ತುತ್ತು ಹಿಡದು ಕರದೆ. ಎದ್ದು ನಿಂತು ಬಾಲ ಅಲ್ಲಾಡಿಸಿತು, ಆದ್ರ ಬರಲಿಲ್ಲ. ನನ್ನ ಕೈ ಬಿಟ್ಟು, ಮೂಲ್ಯಾಗ ಕೌದಿ ತೊಡಿ ಮ್ಯಾಲೆ ಹಾಕ್ಕೊಂಡು ಕುಂತಿದ್ದ ಅತ್ತೀನ ನೋಡಾಕ ಹತ್ತಿತ್ತು.

ನಾನೂ ಆಕಿನ್ನ ನೋಡಿದೆ. ತುಟಿ ಒಣಗಿದ್ವು. ಉಳದ ರೊಟ್ಟಿ, ತೆರದ ಮೂಲಿ, ಎಲ್ಲಾ ಕಣ್ಣ ಮುಂದೇ ಇತ್ತು, ನನಗ ಅಂಗೈ ಹುಣ್ಣಿಗೆ ಕನ್ನಡಿ ಬೇಕಾತು. ನೀವು ಉಂಡೀರೇನು ಅಂತ ಕೇಳಿದೆ. ಆಕಿ ಸೂಜಿ ಹುಡುಕಿದಂಗ ಮಾಡಿದ್ಲು. ಮಜ್ಜಿಗಿ ಕುಡದೀನಿ, ಚಾ ಕುಡದೀನಿ, ಈ ವಯಸ್ಸಿಗೆ ಅಷ್ಟು ಸಾಕು ಅಂದ್ಲು. ಕೌದಿ ಮುಚ್ಚದ ನಾನು ಹೆಂಗ ಉಣ್ಣಲಿ, ಮನ್ಯಾಗ ಒಂದು ಬಾಯಿ ಹಸದಿದ್ದಾಗ ಕೌದಿ ಹೆಂಗ ಮುಚ್ಚಲಿ ಅಂತ ನನಗೇ ತಿರುಗಿ ಕೇಳಿದ್ಲು.

ದನದ ದೊಡ್ಡಿ ಅಂದಾಕಿ, ಬಂದ ದಿನಾನೇ ಆ ನಾಯಿನ್ನ ಮನ್ಯಾಗಿನ ಬಾಯಿ ಅಂತ ಸೇರಿಸಿಕೊಂಡಿದ್ಲು. ಆಕಿ ಅದರ ಸಲುವಾಗಿ ಉಪಾಸ, ಅದು ಆಕಿ ಸಲುವಾಗಿ ಉಪಾಸ. ಇಬ್ಬರ ನಡುವ ನಾನು ಹೊಟ್ಟಿ ತುಂಬ ಉಂಡು ತಿರಗ್ಯಾಡಿದ್ದೆ.

"ಅತ್ತಿ, ನೀವು ಉಣ್ಣೋತನಕ ಅದು ಉಣ್ಣೂದಿಲ್ಲ," ಅಂದೆ. ತಂಗಿ ಹೇಳಿದ್ದೆಲ್ಲಾ ಹೇಳಿದೆ. ಕಟ್ಟಳಿ ಮುರದ್ರ ಕೂಸಿಗೆ ಏನಾರ ಆದೀತು ಅಂತ ಆಕಿ ಹೆದರಿದ್ಲು. ಅರವತ್ತು ವರ್ಷ ಮುರದಿದ್ದಿಲ್ಲ. ಕೌದಿ ನೋಡಿದ್ಲು, ನಾಯಿನ್ನ ನೋಡಿದ್ಲು. ಆಮ್ಯಾಲೆ ಕೌದಿ ಮಡಿಚಿ ಬಾಜೂಕ್ಕ ಇಟ್ಲು.

"ನನಗ ನೀಡು," ಅಂದ್ಲು.

ನಾನು ಈ ಮನಿಗೆ ಸೊಸಿಯಾಗಿ ಬಂದು ಮೂವತ್ತು ವರ್ಷದಾಗ ಆ ಮಾತು ಆಕಿ ಬಾಯಾಗ ಕೇಳಿದ್ದಿಲ್ಲ. ನಾವೆಲ್ಲಾ ಉಂಡು ಎದ್ದ ಮ್ಯಾಲೆ, ಆಕಿ ಅಡಗಿಮನ್ಯಾಗ ಬಾಗಲಿಗೆ ಬೆನ್ನು ಮಾಡಿ ಕುಂತು ಉಳದದ್ದು ಉಣ್ಣತಿದ್ಲು. ನಾವು ಅಷ್ಟೊತ್ತಿಗೆ ಟಿ.ವಿ. ಮುಂದ. ಹಂಗಾಗೇ ಆಕಿ ಉಂಡ್ಲೋ ಬಿಟ್ಲೋ ಯಾರಿಗೂ ಗೊತ್ತಾಗತಿದ್ದಿಲ್ಲ. ನಾನು ತಾಟು ತಂದೆ. ಬಿಸಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮೊಸರು. ಆಕಿ ಮುರದು ಮುರದು ಮೆಲ್ಲಕ ಉಂಡ್ಲು. ಎಣ್ಣಿಗಾಯಿಗೆ ಉಪ್ಪು ಕಡಿಮಿ ಆಗೈತಿ ಅಂದ್ಲು. ಖರೇನೇ ಕಡಿಮಿ ಆಗಿತ್ತು.

ನಾಯಿ ಅಲಗಾಡದ ನಿಂತಿತ್ತು. ನಾಯಿ ಸೋಕಿದ್ರ ಕಾಲು ತೊಳಕೊಳ್ಳೋ ಅತ್ತಿ, ಕೊನೀ ತುತ್ತು ಮೊಸರಿನಾಗ ಅದ್ದಿ ಅಂಗೈ ಮುಂದ ಚಾಚಿದ್ಲು. ಅದು ಬಂತು. ತುತ್ತು ತಗೊಂತು, ಅಂಗೈ ನೆಕ್ಕಿತು, ಆಮ್ಯಾಲೆ ತನ್ನ ತಾಟಿಗೆ ಬಾಯಿ ಹಾಕಿ ಎಲ್ಲಾ ಉಂಡಿತು. ನಮ್ಮನಿಯವರು ಕಣ್ಣು ಒರಸಿಕೊಂಡು ಹೊರಗ ಹೋದ್ರು. ಅತ್ತಿ ಕೈ ತೊಳಕೊಂಡು ಬಂದು, ಕೌದಿ ಮೂಲ್ಯಾಗ ತುತ್ತು ಇಟ್ಟು, ಅವತ್ತೇ ಮುಚ್ಚಿದ್ಲು.

ಎಂಟು ತಿಂಗಳಾತು. ಕುರುಗೋಡಿನ್ಯಾಗ ಕೂಸು ಆ ಕೌದಿ ಮ್ಯಾಲೆ ಅಂಬೆಗಾಲು ಹಾಕಾಕ ಹತ್ತೈತಿ. ಇಲ್ಲಿ ಅತ್ತಿ ದಿನಾ ನಮ್ಮ ಜೋಡಿ ಸಾಲಿನ್ಯಾಗ ಕುಂತು ಉಣ್ಣತಾಳ, ಯಾಕಂದ್ರ ಆಕಿ ಉಣ್ಣೋತನಕ ಆ ನಾಯಿ ತಾಟು ಮುಟ್ಟೂದಿಲ್ಲ. ಮನಿ ನಡಸಾಕಿ, ಎಲ್ಲಾರ ಹೊಟ್ಟಿ ನೋಡಾಕಿ ಅಂತ ಮೆರದಾಕಿ ನಾನು. ಮೂವತ್ತು ವರ್ಷದಾಗ ಆಕಿ ಉಣ್ಣಲಿ ಅಂತ ಕಾಯ್ದು ಕುಂತದ್ದು, ಬಂದು ಮೂರು ದಿನ ಆಗಿದ್ದ ಒಂದು ನಾಯಿ.