ಜಂಬುಲಿಂಗಪ್ಪನವರು ಬಾಯಿ ಮುಚ್ಚಿದ ನಾಟಕ

ಚಳ್ಳಕೆರೆಯ ಎಣ್ಣೆ ಅಂಗಡಿ ಜಂಬುಲಿಂಗಪ್ಪನವರಿಗೆ ದೇವರು ಬಾಯಿ ಕೊಟ್ಟಿದ್ದೇ ನಾಟಕಕ್ಕೆಂದು ನಮ್ಮ ಬೀದಿಯವರೆಲ್ಲ ನಂಬಿದ್ದೆವು. ಶೇಂಗಾ ಎಣ್ಣೆ ಅಳೆಯುವಾಗಲೂ "ಎಲೈ ಮಾನಿನೀ, ಕ್ಯಾನೆಲ್ಲಿ?" ಎನ್ನುವ ಗತ್ತು. ಸುತ್ತಲ ಊರುಗಳಲ್ಲಿ ರಾಜನ ಪಾರ್ಟೆಂದರೆ ಅವರದೇ. ಆದರೆ ಹೋದ ವರ್ಷ ಮಾತೆಲ್ಲ ಕಲಸುಮೇಲೋಗರವಾಗಿ, ಎದುರು ನಿಂತ ವೈರಿಯ ಮಾತನ್ನೂ ತಾವೇ ಆಡಿ, ತಮ್ಮ ತಲೆ ಕಡಿಯುವುದಾಗಿ ತಾವೇ ಶಪಥ ಮಾಡಿಬಿಟ್ಟರು. ವೈರಿ ಪಾಪ, ಕತ್ತಿ ಹಿಡಿದು ಮೀಸೆ ಕೆರೆದುಕೊಂಡ. ತಂಡದವರು ಮರುದಿನವೇ ಕಿರೀಟ ಕಿತ್ತುಕೊಂಡರು. ನನಗೆ ಮೈಯೆಲ್ಲ ಉರಿಯಿತು, ಮರೆಯದವರು ಯಾರಪ್ಪ? ಅಂದಿನಿಂದ ಆ ಅಂಗಡಿಯಲ್ಲಿ ಬರೀ ಎಣ್ಣೆ ಸಿಗುತ್ತಿತ್ತು.

ಅಷ್ಟರಲ್ಲಿ ಪಟ್ಟಣದಲ್ಲಿ ನಾಟಕ ಕಲಿತು ಬಂದ ನಮ್ಮ ಬೀದಿಯ ಹುಡುಗಿ ಕಾಂಚನಾ ಹೊಸದೊಂದನ್ನು ಆಡಿಸಲು ಹೊರಟಳು. ಅಸಂಗತ ನಾಟಕವಂತೆ. ಮೂರೇ ಪಾತ್ರ. ಒಬ್ಬ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾನೆ. ಉಳಿದಿಬ್ಬರು ಅವನು ಮನುಷ್ಯನೋ ಶೇಂಗಾ ಮೂಟೆಯೋ ಎಂದು ಕೊನೆತನಕ ಜಗಳವಾಡುತ್ತಾರೆ. ಜಂಬುಲಿಂಗಪ್ಪನವರು ತಾವೇ ಹೋಗಿ ಕೇಳಿದರು.

"ಕೂತೋನಿಗೆ ಒಂದ್ ಮಾತೂ ಇಲ್ವೇನವ್ವಾ?"

"ಇಲ್ರಿ ದೊಡ್ಡಪ್ಪಾ. ಕೆಮ್ಮಂಗೂ ಇಲ್ಲ."

"ಮರೆಯಾಕೆ ಏನೂ ಇಲ್ಲ ಅಂದ್ರೆ ಆ ಪಾರ್ಟು ನಂದೇ!"

ಹೆಂಡತಿ ಶಿವಬಸಮ್ಮ ನಕ್ಕು ಸುಸ್ತಾದರು. "ನಿದ್ದೆಯಾಗೂ ಡೈಲಾಗ್ ಹೊಡೆಯೋರು ನೀವು. ಇದನ್ನೂ ಕೆಡಿಸಿದ್ರೆ ಇನ್ಯಾರೂ ಸ್ಟೇಜ್ ಹತ್ತಿಸಲ್ಲ, ನೋಡ್ರಿ."

ಅದು ಅವರಿಗೂ ಗೊತ್ತಿತ್ತು.

ನಾಟಕ ನಡೆದದ್ದು ಮೊಳಕಾಲ್ಮುರಿನಲ್ಲಿ. ಅಲ್ಲಿನ ಜನಕ್ಕೆ ಅಸಂಗತ ಗೊತ್ತಿಲ್ಲ, ಜಂಬುಲಿಂಗಪ್ಪ ಗೊತ್ತು. ಪರದೆ ಸರಿದದ್ದೇ ತಡ, ಸಿಳ್ಳೆಯೋ ಸಿಳ್ಳೆ. ಆದರೆ ರಾಜ ಬಾಯಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಚಿನ್ನಯ್ಯನಿದ್ದ. ಹಳೆಯ ನಾಟಕಗಳಲ್ಲಿ ಪರದೆ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದವನು. ಗೆಳೆಯ ಮತ್ತೆ ಮರೆತನೆಂದು ಅವನ ಜೀವ ಚಡಪಡಿಸಿತು.

"ಲೇ ಜಂಬಣ್ಣಾ, 'ಎಲೈ ದುರುಳಾ' ಅನ್ನಲೇ!"

ನೋಡುನೋಡುತ್ತಲೇ ಸಭೆಗೆ ಸಭೆಯೇ "ಎಲೈ ದುರುಳಾ!" ಎಂದು ಎತ್ತಿಕೊಡತೊಡಗಿತು. ಜಂಬುಲಿಂಗಪ್ಪನವರ ಮೀಸೆ ನಡುಗಿತು, ಕಣ್ಣು ತುಂಬಿತು. ಬಾಯಿ ಮಾತ್ರ ತೆರೆಯಲಿಲ್ಲ.

ಜಗಳವಾಡುವ ಪಾತ್ರದ ಲೋಹಿತ ಸಮಯ ನೋಡಿ ಜನರ ಕಡೆ ತಿರುಗಿದ. "ನೋಡ್ರಿ, ಇಷ್ಟ್ ಕೂಗಿದ್ರೂ ಮಾತಿಲ್ಲ. ಇದು ಮೂಟೇನೇ!"

"ಮೂಟೆ ಅಲ್ಲಲೇ, ನಮ್ ರಾಜ!" ಎಂದು ಚಿನ್ನಯ್ಯ ಎದ್ದೇ ನಿಂತ. ಅಲ್ಲಿಂದ ಜಗಳ ಸಭೆಗೆ ಇಳಿಯಿತು. ಅರ್ಧ ಜನ ಮೂಟೆ, ಅರ್ಧ ಜನ ರಾಜ. ಕಾಂಚನಾ ಮೂಲೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಪರದೆ ಬೀಳುವ ಹೊತ್ತಿಗೆ ಎರಡೂ ಕಡೆಯವರು ಸೇರಿ "ಒನ್ಸ್ ಮೋರ್!" ಎಂದರು. ನಮ್ಮ ಕಡೆ ಒನ್ಸ್ ಮೋರ್ ಬಿತ್ತೆಂದರೆ ಸತ್ತ ಪಾತ್ರವೂ ಎದ್ದು ಬಂದು, ಹಾಡು ಮತ್ತೊಮ್ಮೆ ಹೇಳಿ ಮತ್ತೆ ಸಾಯಬೇಕು. ಜಂಬುಲಿಂಗಪ್ಪನವರು ಎದ್ದು ಮುಂದೆ ಬಂದು ಕೈಮುಗಿದರು. ಈಗಲಾದರೂ ಮಾತಾಡುತ್ತಾರೆಂದು ಎಲ್ಲರೂ ಉಸಿರು ಬಿಗಿಹಿಡಿದೆವು.

ಅವರು ವಾಪಸ್ ಹೋಗಿ, ಅದೇ ಕುರ್ಚಿಯಲ್ಲಿ ಕೂತು, ಮೊದಲಿನಿಂದ ಸುಮ್ಮನಿರತೊಡಗಿದರು.