ಮೂರನೇ ಸುತ್ತಿನ ಕೂಸು

ನಾನು ಓದಿದ್ದು ನಾಲ್ಕನೇ ಇಯತ್ತೆ. ದೆವ್ವ ಕಂಡೆ ಎಂದವರಿಗೆ "ಮೊದಲು ಹೊಟ್ಟೆ ತುಂಬ ಉಣ್ಣು" ಎಂದು ಗದರಿಸುತ್ತಿದ್ದವಳು. ಈಗ ನಾನೇ ಹೇಳಲು ಹೊರಟಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ಎರಡು ಸಾವಿರನೇ ಇಸವಿಯ ಆಸುಪಾಸು. ಮಗಳು ಸುಜಾತಾಳ ಬಾಣಂತನಕ್ಕೆ ಅಮೆರಿಕದ ಡಿಯರ್‌ಬಾರ್ನ್‌ಗೆ ಹೋಗಿದ್ದೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು! ಅಂಗೈಯಷ್ಟು ಮುಖ, ತಲೆ ತುಂಬ ಕೂದಲು. ನನ್ನ ಬಂಗಾರವನ್ನು ನೋಡುತ್ತಾ ಕೂತರೆ ಊಟದ ನೆನಪೂ ಆಗುತ್ತಿರಲಿಲ್ಲ. ಆದರೆ ಅದು ಮೊಲೆ ಹಿಡಿಯಲಿಲ್ಲ. ಬಾಟಲಿ ಹಾಲನ್ನೂ ಅರ್ಧ ಕಕ್ಕುತ್ತಿತ್ತು. ತೂಕ ಇಳಿಯಿತು. ನಾಳೆಯೂ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಿ ಎಂದರು ಡಾಕ್ಟರು. ಹೆಸರೇ ಇಡದ ಕೂಸನ್ನು ಆಸ್ಪತ್ರೆಗೆ ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಅವತ್ತೇ ತೊಟ್ಟಿಲಿಗೆ ಹಾಕೋಣ ಎಂದು ಹಟ ಹಿಡಿದೆ.

ಪಕ್ಕದ ಮನೆಯ ಮುದುಕಿ ಮಾರ್ಗರೆಟ್ ತಮ್ಮ ಹಳೆಯ ಮರದ ತೊಟ್ಟಿಲು ಕೊಟ್ಟರು. ಅವರ ಮುತ್ತಜ್ಜಿ ನೂರೈವತ್ತು ವರ್ಷದ ಹಿಂದೆ ಹಾಯಿಹಡಗಿನಲ್ಲಿ ಈ ದೇಶಕ್ಕೆ ಬಂದಾಗ ತಂದದ್ದಂತೆ. ಶಾಸ್ತ್ರಕ್ಕೆ ತೊಟ್ಟಿಲ ಕೆಳಗೆ ಕೈ ಹಾಯಬೇಕಲ್ಲ, ಅದಕ್ಕೆ ಎರಡು ಕುರ್ಚಿಗಳ ಮೇಲೆ ಇಟ್ಟು ಕಟ್ಟಿದೆವು.

ನಮ್ಮಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ತೊಟ್ಟಿಲು. ಕಲ್ಲಿಗೆ ಬಟ್ಟೆ ಸುತ್ತಿ, ಆ ಬದಿಯವರು ತೊಟ್ಟಿಲ ಕೆಳಗಿನಿಂದ ಕೊಡಬೇಕು, ಈ ಬದಿಯವರು ಮೇಲಿನಿಂದ ತಿರುಗಿ ಕೊಡಬೇಕು, ಹೀಗೆ ಮೂರು ಸುತ್ತು. ಅಂಗಳದಲ್ಲಿ ಒಂದು ದುಂಡುಕಲ್ಲು ಸಿಕ್ಕಿತು. ಎದುರಿಗೆ ಮಗಳ ಗೆಳತಿ ಗಿರಿಜಾ ನಿಂತಳು, ಮಾರ್ಗರೆಟ್ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

"ಆಂಟಿ, ಗುಂಡಪ್ಪಗ ಡಯಾಪರ್ ಹಾಕ್ಲೇನು?"

"ಹಾಕವ್ವ, ಇಲ್ಲಾಂದ್ರ ನಿನ್ನ ಮ್ಯಾಲೇ ಉಚ್ಚಿ ಹೊಯ್ದಾನು" ಎಂದೆ. ಎಲ್ಲರೂ ನಕ್ಕರು.

"ಗೋವಿಂದನ್ನ ತೊಗೋರಿ" ಎಂದು ಅವಳು ಕೊಟ್ಟಳು, "ಗೋಪಾಲನ್ನ ತೊಗೋರಿ" ಎಂದು ನಾನು ಕೊಟ್ಟೆ. ಎರಡು ಸುತ್ತಾಯಿತು. ಮೂರನೆಯದಕ್ಕೆ ಬಗ್ಗಿ ಕೈಚಾಚಿದೆ. ಕೈಗೆ ಬಂದದ್ದು ಕಲ್ಲಲ್ಲ. ಹಗುರ, ತಣ್ಣಗೆ, ಒದ್ದೆ. ಎತ್ತಿದರೆ ಕತ್ತು ಜೋಲಿತು. ಮೂರು ಹೆತ್ತವಳು ನಾನು, ಕೂಸಿನ ಕತ್ತು ಗೊತ್ತಾಗುವುದಿಲ್ಲವೇ? ಆದರೂ ಬಾಯಿ ತನ್ನಷ್ಟಕ್ಕೆ "ಗೋಪಾಲನ್ನ ತೊಗೋರಿ" ಎಂದಿತು. ಮೇಲಿನಿಂದ ಕೊಟ್ಟೆ. ಎರಡು ಕೈಗಳು ತೆಗೆದುಕೊಂಡವು.

"ಬರೇ ಕೈ ಯಾಕ ಚಾಚೀರಿ ಆಂಟಿ?" ಎಂದಳು ಗಿರಿಜಾ. "ನಮ್ಮೂರಾಗ ಎರಡ ಸುತ್ತು. ಗುಂಡಪ್ಪನ್ನ ಆಗಲೇ ಮಲಗಿಸೇನಿ."

ಇಣುಕಿದೆ. ಕಲ್ಲು ತೊಟ್ಟಿಲಲ್ಲೇ ಇತ್ತು. ನನ್ನ ಸೆರಗು ತೊಯ್ದಿತ್ತು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು.

ಕಲ್ಲು ತೆಗೆದು ಕೂಸನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಿದೆವು. ಮನೆ ಹಾರಿಹೋಗುವಂತೆ ಅತ್ತಿತು. ಸುಜಾತಾ ಎತ್ತಿಕೊಂಡದ್ದೇ ತಡ, ಮೊಲೆ ಹಿಡಿದು ಲೊಚಲೊಚ ಕುಡಿಯತೊಡಗಿತು! ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ.

ಬಟ್ಟೆ ಸುತ್ತಿದ ಕಲ್ಲನ್ನೇ ನೋಡುತ್ತಿದ್ದ ಮಾರ್ಗರೆಟ್ ಏನೋ ಹೇಳಿದರು. ಸುಜಾತಾ ತಿಳಿಸಿದಳು: "ಅವ್ವಾ, ಇವರ ಮುತ್ತಜ್ಜಿ ಚೊಚ್ಚಲ ಕೂಸು ಹಡಗಿನಾಗ ತೀರಿಕೊಂಡಿತ್ತಂತ. ಬಟ್ಟಿಯೊಳಗ ಕಲ್ಲು ಇಟ್ಟು ಸುತ್ತಿ ಸಮುದ್ರಕ್ಕ ಬಿಟ್ಟರಂತ."

ಸೆರಗಿನ ಮಾತು ನಾನು ಯಾರಿಗೂ ಹೇಳಲಿಲ್ಲ. ಮೊಮ್ಮಗಳು ಈಗ ನನಗಿಂತ ಎತ್ತರ, ಕಂಡಾಗಲೆಲ್ಲ ಹಿಗ್ಗುತ್ತೇನೆ. ಆದರೆ ಆ ಒದ್ದೆ ಕೂಸನ್ನು ನನಗೆ ಕೊಟ್ಟವರು ಯಾರು, ನನ್ನಿಂದ ತೆಗೆದುಕೊಂಡವರು ಯಾರು, ಇಂದಿಗೂ ತಿಳಿಯದು. ಮುಖ ನೋಡಲಿಲ್ಲ. ತೆಗೆದುಕೊಂಡ ಕೈಗಳು ಮಾತ್ರ ಕಣ್ಣಿಗೆ ಕಟ್ಟಿವೆ. ಅವು ಮೊದಲು ಕೂಸಿನ ಕತ್ತಿನ ಕೆಳಗೆ ಅಂಗೈ ಇಟ್ಟವು.