ಬೆಳ್ಳಗಾದ ಉಂಗುರ

ಮದುವೆಯಲ್ಲಿ ನಮ್ಮಪ್ಪ ಹಾಕಿದ ಚಿನ್ನದ ಉಂಗುರ ನನ್ನ ಗಂಡನ ಬೆರಳಲ್ಲಿ ಬೆಳ್ಳಗಾಗಿದ್ದನ್ನು ನಾನು ನೋಡಿದ್ದು ಒಂದು ಭಾನುವಾರ, ಅಕ್ಕಿರೊಟ್ಟಿ ಬಡಿಸುವಾಗ. ಮೈಯೆಲ್ಲ ಉರಿದುಹೋಯಿತು.

"ಚಿನ್ನದುಂಗುರ ಯಾರಿಗೆ ಕೊಟ್ರಿ? ಈ ಬೆಳ್ಳಿದು ಎಲ್ಲಿಂದ ಬಂತು?"

"ಅದೇ ಉಂಗುರ ಕಣೇ. ಹಂಗಾಗ್ಬುಟ್ಟೈತೆ."

ಹಂಗಾಗ್ಬುಟ್ಟೈತಂತೆ. ಹೆಗ್ಗದ್ದೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅವರು. ಆಳುಗಳಲ್ಲಿ ಯಾರು ಯಾವತ್ತು ಬಂದಿಲ್ಲ ಎಂದು ಹಾಜರಿ ಪುಸ್ತಕ ನೋಡದೆ ಹೇಳುತ್ತಾರೆ. ಹೆಂಡತಿ ಕೇಳಿದ್ದಕ್ಕೆ ಮಾತ್ರ ಉತ್ತರ ಇರುವುದಿಲ್ಲ.

ಆಗಲೇ ಮೂರು ತಿಂಗಳಿಂದ ಅವರ ಕಾಯಿಲೆ ನನ್ನ ಜೀವ ತಿನ್ನುತ್ತಿತ್ತು. ಬೆಳಗೆದ್ದರೆ ಕಣ್ಣಿನ ಕೆಳಗೆ ಊತ, ಸಂಜೆಗೆ ಕಾಲು ಚಪ್ಪಲಿಯೊಳಗೆ ಹೋಗುವುದಿಲ್ಲ, ಮೂತ್ರದಲ್ಲಿ ಸೋಪು ಕದಡಿದ ಹಾಗೆ ನೊರೆ. ಹಾಸನದ ಕಿಡ್ನಿ ಡಾಕ್ಟರು, ಪ್ರೋಟೀನ್ ಸೋರಿಹೋಗುತ್ತಿದೆ ಎಂದರು. ಶುಗರ್ ಇಲ್ಲ, ಬಿಪಿ ಇಲ್ಲ, ಕಾರಣವೇ ಸಿಗುತ್ತಿಲ್ಲ. ಹೀಗೇ ಸೋರಿದರೆ ಕಿಡ್ನಿ ಉಳಿಯುವುದು ಕಷ್ಟ ಎಂದೂ ಹೇಳಿದರು. "ನಾಟಿ ಔಷಧಿ ಏನಾದರೂ ತಗೊಳ್ತೀರಾ?" ಎಂದು ಮೊದಲ ದಿನವೇ ಅವರನ್ನು ಕೇಳಿದ್ದರು. ನಾನು ಬೆಳಗೋಡಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಟೀಚರ್. "ನಮ್ಮನೇಲಿ ಅಂಥದ್ದೆಲ್ಲ ನಡೆಯಲ್ಲ ಸರ್" ಎಂದೆ. ಡಾಕ್ಟರು ಹಾಗೇ ಬರೆದುಕೊಂಡರು.

ಸೋಮವಾರ ಊದಿದ ಬೆರಳಿಗೆ ಸೋಪು ಹಚ್ಚಿ ಉಂಗುರ ಎಳೆದುಕೊಂಡು ಸಕಲೇಶಪುರದ ಅಕ್ಕಸಾಲಿಗರ ಹತ್ತಿರ ಹೋದೆ. ಗಂಡನ ಕಳ್ಳತನ ಹಿಡಿಯುವ ಹುರುಪಿತ್ತು. ಅವರು ಉಜ್ಜಿ, ತಿರುಗಿಸಿ ನೋಡಿದರು.

"ಚಿನ್ನಾನೇ ಟೀಚರ್ರೇ, ಮೋಸ ಇಲ್ಲ. ಪಾದರಸ ಹತ್ತೈತೆ ಇದಕ್ಕೆ, ಅದಕ್ಕೇ ಬೆಳ್ಳಗಾಗೈತೆ. ಯಜಮಾನ್ರು ಪಾದರಸ ಯಾಕ್ ಮುಟ್ಟಕ್ಕೋದ್ರು?"

ಮನೆಗೆ ಬಂದು ಅವರ ಬಟ್ಟೆಬರೆ, ಚೀಲ ಎಲ್ಲ ಕೊಡವಿದೆ. ಹಳೇ ರೇನ್‌ಕೋಟಿನ ಜೇಬಿನಲ್ಲಿ ಪೊಟ್ಟಣಗಳು ಸಿಕ್ಕವು. ಕಪ್ಪು ಪುಡಿ. ಸರಿಯಾಗಿ ಅರೆದಿರಲಿಲ್ಲ, ಉಗುರಿನಲ್ಲಿ ಒತ್ತಿದರೆ ಸಣ್ಣ ಬೆಳ್ಳನೆ ಹನಿಗಳು ಮಿನುಗಿದವು.

ಮಂಡಿನೋವಿಗಂತೆ. ಸಂತೆಯಲ್ಲಿ ಯಾವನೋ ಪಂಡಿತ ಕೊಟ್ಟನಂತೆ. ಐದು ತಿಂಗಳಿಂದ ದಿನಾ ಬೆಳಿಗ್ಗೆ ಅಂಗೈಯಲ್ಲಿ ಜೇನುತುಪ್ಪ ಹಾಕಿಕೊಂಡು, ಉಂಗುರದ ಬೆರಳಲ್ಲೇ ಕಲಸಿ ನೆಕ್ಕುತ್ತಿದ್ದರಂತೆ.

"ಯಾರಿಗಾದ್ರೂ ಹೇಳಿದ್ರೆ ಮದ್ದು ಹತ್ತಲ್ಲ ಅಂದಿದ್ದ ಕಣೇ."

ಅವನ ಬಾಯಿಗೆ ಹುಳ ಬೀಳಲಿ. ಮಾಡಿದ್ದುಣ್ಣೋ ಮಹಾರಾಯ ಎಂದೆ ಗಂಡನಿಗೆ. ಅದಕ್ಕಿಂತ ಕೆಟ್ಟದ್ದನ್ನೂ ಅಂದೆ, ಇಲ್ಲಿ ಬರೆಯುವುದಿಲ್ಲ.

ಮಾರನೇ ದಿನ ಉಂಗುರವನ್ನೂ ಪೊಟ್ಟಣಗಳನ್ನೂ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ರಕ್ತ, ಮೂತ್ರ ಎರಡನ್ನೂ ಪಾದರಸದ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಮತ್ತೆ ಹೋದೆವು. ಎರಡರಲ್ಲೂ ಇತ್ತು, ಇರಬಾರದಷ್ಟು ಇತ್ತು.

"ಪುಡಿ ಬಿಟ್ಟಿರೋದರಿಂದ ಸೋರೋದು ಕಡಿಮೆ ಆಗಬಹುದು. ಆದರೆ ಹಾಳಾಗಿರೋದೆಲ್ಲ ಸರಿಹೋಗುತ್ತೆ ಅಂತ ಈಗಲೇ ಹೇಳೋಕಾಗಲ್ಲ" ಎಂದರು ಡಾಕ್ಟರು. "ಮೊದಲ ದಿನವೇ ಹೇಳಿದ್ದರೆ ಮೂರು ತಿಂಗಳು ಉಳೀತಿತ್ತು."

ಆ ಮೂರು ತಿಂಗಳು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಬಸ್ಸು ಆಲೂರು ದಾಟುವ ಹೊತ್ತಿಗೆ ತಡೆಯಲಾಗಲಿಲ್ಲ. "ಡಾಕ್ಟರು ಅವತ್ತು ಬಾಯಿಬಿಟ್ಟು ಕೇಳಿದ್ರಲ್ಲ, ನಿಮ್ಮ ನಾಲಿಗೆಗೆ ಏನಾಗಿತ್ತು? ಆ ಪಂಡಿತ ಹೊಲಿಗೆ ಹಾಕಿದ್ನಾ?"

ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ.

"ಹೇಳಾನ ಅಂತ ಬಾಯಿ ತೆಗೆದಿದ್ದೆ ಕಣೇ. ಅಷ್ಟ್ರಲ್ಲಿ ನೀನು, ನಮ್ಮನೇಲಿ ಅಂಥದ್ದೆಲ್ಲ ನಡೆಯಲ್ಲ ಅಂದ್ಬುಟ್ಟೆ. ಆಮೇಲೆ ನಾನ್ ಹೇಳಿದ್ರೆ ನಿನ್ನ ಮರ್ಯಾದೆ ಏನಾಗೋದು?"

ಕ್ಲಾಸಿನಲ್ಲಿ ಒಬ್ಬರಿಗೆ ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಹೇಳಿದರೆ ನಾನು ಎಬ್ಬಿಸಿ ನಿಲ್ಲಿಸುತ್ತೇನೆ. ಸೀಟಿನಿಂದ ಎದ್ದು, ನಾವು ಇಳಿಯುವ ಆನೇಮಹಲ್ ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದೆ.